ಪ್ರಶ್ನೋತ್ತರ ವೇಳೆಯಲ್ಲಿ ಪ್ರಶ್ನೆ ಕೇಳಿದ ಅಪರಾಧ

ಮುಂದಿನ ಸಾಲಿನ ಸೋಫಾದಲ್ಲಿ ಕುಳಿತು ಎಲ್ಲವನ್ನೂ ಕಣ್ಣಾರೆ ಕಂಡ ಮಾನ್ಯ ಶಿಕ್ಷಣಾಧಿಕಾರಿಗಳೇ,

ಸೋಮವಾರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನನ್ನ ಮಗಳು ಇಡೀ ಶಾಲೆಯ ಮುಂದೆ ನಿಂತು ಕ್ಷಮೆ ಕೇಳಬೇಕಂತೆ. ಕೇಳದಿದ್ದರೆ ವರ್ಗಾವಣೆ ಪತ್ರ ಕೈಗಿಟ್ಟು ಮನೆಗೆ ಕಳಿಸುತ್ತಾರಂತೆ. ಅವಳು ಮಾಡಿದ ಘನ ಅಪರಾಧವಾದರೂ ಏನು? ಪ್ರಶ್ನೋತ್ತರ ವೇಳೆಯಲ್ಲಿ ಒಂದು ಪ್ರಶ್ನೆ ಕೇಳಿದ್ದು.

ತಾವು ಮರೆತಿರಬಹುದು, ಅಧಿಕಾರಿಗಳಿಗೆ ನೆನಪಿಡಲು ಬೇಕಾದಷ್ಟಿರುತ್ತದೆ. ತಮ್ಮ ಭೇಟಿಯ ಗೌರವಾರ್ಥ ನಮ್ಮ ಸರ್ಕಾರಿ ಶಾಲೆಯ ಎಂಟನೇ ತರಗತಿಯ ಮಕ್ಕಳು ಅಣಕು ಸಂಸತ್ತು ನಡೆಸಿದರು. ಮಕ್ಕಳು ಪೌರನೀತಿಯನ್ನು ಮಾಡಿ ಕಲಿಯಲಿ ಎಂಬುದು ತಮ್ಮ ಇಲಾಖೆಯದೇ ಸುತ್ತೋಲೆ. ಹಾಗಾಗಿ ಪ್ರಶ್ನೆಗಳನ್ನೂ ಮೇಷ್ಟ್ರೇ ಬರೆದುಕೊಟ್ಟರು, ಉತ್ತರಗಳನ್ನೂ ಮೇಷ್ಟ್ರೇ ಬರೆದುಕೊಟ್ಟರು, ಎಲ್ಲಿ ಮೇಜು ಕುಟ್ಟಬೇಕೆಂಬುದನ್ನೂ ಅಭ್ಯಾಸ ಮಾಡಿಸಿದರು. ನನ್ನ ಮಗಳು ವಿರೋಧ ಪಕ್ಷದ ನಾಯಕಿ. ಗಿಡ ನೆಡಲು ಸರ್ಕಾರ ಕೈಗೊಂಡ ಕ್ರಮಗಳೇನೆಂದು ಕೇಳಿ, ಉತ್ತರ ಬಂದ ಕೂಡಲೇ ‘ನನಗೆ ತೃಪ್ತಿಯಾಗಿದೆ’ ಎಂದು ಕೂರುವುದು ಅವಳ ಪಾತ್ರ. ಇಷ್ಟು ಬೇಗ ತೃಪ್ತಿಯಾಗುವ ವಿರೋಧ ಪಕ್ಷ ಯಾವ ಸರ್ಕಾರಕ್ಕೆ ತಾನೇ ಬೇಡ?

ಎಡವಟ್ಟಾದದ್ದು ಎಲ್ಲಿ ಗೊತ್ತೇ? ಹುಡುಗಿ ಪಠ್ಯಪುಸ್ತಕವನ್ನೂ ಓದಿಬಿಟ್ಟಿದ್ದಳು. ಜನರ ಕಷ್ಟವನ್ನು ಆಳುವವರ ಕಿವಿಗೆ ಹಾಕುವುದಕ್ಕೇ ಪ್ರಶ್ನೋತ್ತರ ವೇಳೆ ಇರುವುದೆಂದು ಅದರಲ್ಲಿ ಅಚ್ಚಾಗಿದೆ. ಆಳುವವರು ಎದುರಿಗೇ ಕುಳಿತಿದ್ದರಲ್ಲ, ಅವಳು ಎದ್ದು ನಿಂತು ಕೇಳಿದಳು: “ಮಾನ್ಯ ಸಭಾಧ್ಯಕ್ಷರೇ, ಹುಡುಗೀರ ಶೌಚಾಲಯಕ್ಕೆ ಬೀಗ ಯಾಕೆ ಹಾಕಿದ್ದಾರೆ? ನಾವು ಎಲ್ಲಿಗೆ ಹೋಗ್ಬೇಕು?”

ಆರೋಗ್ಯ ಸಚಿವೆಯಾಗಿದ್ದ ಅವಳ ಗೆಳತಿ ಕಕ್ಕಾಬಿಕ್ಕಿಯಾದಳು. ಬಾಯಿಪಾಠ ಮಾಡಿದ್ದ ಉತ್ತರ ಇದಕ್ಕೆ ಹೊಂದಲಿಲ್ಲ. ಪಾಪ, ಇದ್ದ ವಿಷಯವನ್ನೇ ಹೇಳಿಬಿಟ್ಟಳು: “ಬೀಗದ ಕೈ ಹೆಡ್ ಮೇಷ್ಟ್ರ ಹತ್ರ ಇದೆ. ಸಾಹೇಬ್ರು ನೋಡೋಕೆ ಬಂದಾಗ ಕ್ಲೀನಾಗಿರ್ಲಿ ಅಂತ ವರ್ಷವಿಡೀ ಮುಚ್ಚಿರ್ತಾರೆ.” ಆಡಳಿತ ಪಕ್ಷವೂ ಸೇರಿ ಮೇಜು ಕುಟ್ಟಿತಂತೆ. ತಾವು ಗಡಿಯಾರ ನೋಡಿಕೊಂಡು ಎದ್ದು ಹೋದಿರಂತೆ.

ಮರುದಿನ ಶಾಲೆಗೆ ಬರಬೇಕೆಂದು ನನಗೆ ಕರೆ ಬಂತು, ಹೋದೆ. “ಏನಮ್ಮಾ, ನಾಟಕದಲ್ಲಿ ಯಾರಾದ್ರೂ ನಿಜ ಹೇಳ್ತಾರಾ? ಶಾಲೆ ಮರ್ಯಾದೆ ಹೋಯ್ತು” ಎಂದರು ಹೆಡ್ ಮೇಷ್ಟ್ರು.

“ಬೀಗ ತೆಗೀರಿ ಸಾರ್, ಮರ್ಯಾದೆ ತಾನಾಗೇ ವಾಪಸ್ ಬರುತ್ತೆ” ಎಂದೆ. ಅವರು ನನ್ನ ಮುಖ ನೋಡದೆ ಸೋಮವಾರದ ಮಾತು ತೆಗೆದರು.

ಹೊರಗೆ ಮೆಟ್ಟಿಲ ಹತ್ತಿರ ಒಬ್ಬ ಮೇಷ್ಟ್ರು ನನ್ನನ್ನು ತಡೆದು, “ಅಕ್ಕಾ, ಮಗು ಕೇಳಿದ್ದು ಸರಿ. ಆದ್ರೆ ನಾನು ಹೀಗಂದೆ ಅಂತ ಎಲ್ಲೂ ಹೇಳ್ಬೇಡಿ” ಎಂದು ಪಿಸುಗುಟ್ಟಿದರು. ಯಾರೆಂದು ತಾವೂ ಕೇಳಬೇಡಿ. ಕಲಿಸುವವರೇ ಇಷ್ಟು ಹೆದರಿದರೆ ಹಕ್ಕು ಎಂಬ ಪಾಠವನ್ನು ಮಕ್ಕಳು ಯಾರ ಮುಖ ನೋಡಿ ನಂಬಬೇಕು?

ನಾನು ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಅಲ್ಲಿ ಶೌಚಾಲಯಕ್ಕೆ ಎದ್ದರೆ ಸೂಪರ್‌ವೈಸರ್ ಗೊಣಗುತ್ತಾನೆ. ಆ ರಗಳೆಯೇ ಬೇಡವೆಂದು ನಾವೆಲ್ಲ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೇವೆ. ಮಗಳೂ ನೀರಿನ ಬಾಟಲಿಯನ್ನು ತುಂಬಿದಂತೆಯೇ ಮನೆಗೆ ತರುತ್ತಿದ್ದಾಳೆಂದು ಈಗ ಗೊತ್ತಾಯಿತು. ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಲು ಸರ್ಕಾರ ಶಾಲೆ ತೆರೆಯಬೇಕೆ, ಮಾನ್ಯರೇ? ಅದನ್ನು ಕಾರ್ಖಾನೆಯವರು ಸಂಬಳ ಕೊಟ್ಟೇ ಕಲಿಸುತ್ತಾರೆ.

ಈಗ ಅವಳು ಕನ್ನಡಿಯ ಮುಂದೆ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ. ನಡುವೆ ನಿಲ್ಲಿಸಿ, “ಅಮ್ಮಾ, ಕ್ಷಮೆ ಕೇಳಿದ್ರೆ ಬೀಗ ತೆಗೀತಾರಾ?” ಎಂದಳು. ಇದಕ್ಕೆ ಉತ್ತರ ಕೊಡಬೇಕಾದವರು ತಾವೆಂದು ಈ ಪತ್ರ ಬರೆಯಲು ಕುಳಿತೆ.

ನನಗೆ ಸಮಿತಿ ಬೇಡ, ಇನ್ನೊಂದು ಸುತ್ತೋಲೆಯೂ ಬೇಡ. ಬೀಗ ತೆಗೆಸಿ. ಕ್ಷಮಾಪಣೆಯ ಆ ನಾಟಕ ನಿಲ್ಲಿಸಿ. ಮಕ್ಕಳೇ ಪ್ರಶ್ನೆ ಬರೆದು, ಶಾಲೆ ನಡೆಸುವವರೇ ಉತ್ತರ ಕೊಡುವ ಒಂದು ಪೀರಿಯಡ್ಡನ್ನು ಪ್ರತಿ ಶಾಲೆಯಲ್ಲೂ ಇಡಿಸಿ, ಪೌರನೀತಿ ಅಲ್ಲಿಂದ ಶುರುವಾಗುತ್ತದೆ. ಇದಾವುದೂ ಆಗದಿದ್ದರೆ ಸೋಮವಾರ ನಾನು ಕಾರ್ಖಾನೆಗೆ ರಜೆ ಹಾಕಿ ಪ್ರಾರ್ಥನೆಗೆ ಬರುತ್ತೇನೆ. ಮಗಳು ಸುಮ್ಮನೆ ನಿಂತಿರಲಿ. ಅವಳ ಪ್ರಶ್ನೆಯನ್ನು ಈ ಸಲ ನಾನು ಕೇಳುತ್ತೇನೆ.

ಇಂತಿ,
ಮಗಳಿಂದ ತಡವಾಗಿ ಪೌರನೀತಿ ಕಲಿಯುತ್ತಿರುವ ತಾಯಿ