ಆರು ಚೌಕಗಳ ಊರು

ತೋಳೂರು, ಫೆಬ್ರವರಿ 30, 2417

ಕಂಬಚಿತ್ರ ಬಿಡಿಸಿದ ಹಿರಿಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತುಗಳಲ್ಲಿ ಕೆಲವು ವಿಚಿತ್ರವೆನಿಸಿದರೆ ಕ್ಷಮಿಸಿ. ಅವುಗಳಲ್ಲಿ ಒಂದು ನಿಮ್ಮಿಂದಲೇ ಹುಟ್ಟಿದ್ದು: ಚೌಕಾಕ್ಷರ. ಅಂದರೆ ಯಾರಿಗೂ ಓದಲು ಬಾರದ, ಆದರೆ ಎಲ್ಲರೂ ಗೌರವಿಸುವ ಬರಹ.

ನಿಮ್ಮ ಕಾಲದಿಂದ ನಮ್ಮ ಸೀಮೆಗೆ ಉಳಿದು ಬಂದ ಚಿತ್ರ ಒಂದೇ. ಅದರಲ್ಲಿ ಸಾಲಾಗಿ ಕಂಬಗಳಿವೆ; ನೀವು ಅದನ್ನು ಬಾರ್ ಚಾರ್ಟ್ ಎನ್ನುತ್ತಿದ್ದಿರಂತೆ. ಎಲ್ಲಕ್ಕಿಂತ ಎತ್ತರದ ಕಂಬದ ಕೆಳಗೆ, ಊರಿನ ಹೆಸರಿರಬೇಕಾದಲ್ಲಿ, ಆರು ಚೌಕಗಳಿವೆ. ತಲೆಬರಹವೂ ಚೌಕಗಳೇ. ಕೊಂಬು, ಏತ್ವಗಳಿಗೂ ಪ್ರತ್ಯೇಕ ಚೌಕವೆಂದು ತಿಳಿದವರು ಹೇಳುತ್ತಾರೆ. ಆ ಲೆಕ್ಕದಲ್ಲಿ ನಮ್ಮ ತೋಳೂರಿಗೆ ಆರು ಚೌಕ. ದುರದೃಷ್ಟವಶಾತ್ ಹಳ್ಳದಾಚೆಯ ಮೇಗೂರಿಗೂ ಆರೇ. ಕಂಬ ಏನನ್ನು ಅಳೆಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಎತ್ತರವಾಗಿದೆಯೆಂಬ ಒಂದೇ ಕಾರಣಕ್ಕೆ ಎರಡೂ ಊರಿನವರು ಅದು ತಮ್ಮದೆಂದು ತಲೆಮಾರುಗಳಿಂದ ಜಗಳವಾಡುತ್ತ ಬಂದರು. ಎರಡೂ ಊರಿನ ಅಗಸೆಬಾಗಿಲುಗಳ ಮೇಲೆ ಆರು ಚೌಕ ಕೆತ್ತಲಾಗಿದೆ.

ಹೀಗಿರುವಾಗ ನನ್ನ ಮಗಳು ಸಾವಂತ್ರಿ ಮೇಗೂರಿನ ಹುಡುಗನನ್ನು ಮೆಚ್ಚಿದಳು. ಹುಡುಗನ ಅಜ್ಜಿ ಸಂಕವ್ವ ಎಲೆ ಅಡಿಕೆಯ ತಟ್ಟೆಯನ್ನು ಮುಟ್ಟಲಿಲ್ಲ. "ಎತ್ತರದ ಕಂಬ ನಮ್ಮೂರಿಂದು ಅಂತ ಒಪ್ಕೋರಿ ಬೀಗರ, ಮಾತುಕತಿ ಆಮ್ಯಾಲ" ಅಂದರು. ನಮ್ಮ ಊರಿನವರು ಒಪ್ಪಲಿಲ್ಲ. ಮದುವೆ ನಿಂತಿತು. ಮಗಳು ನನ್ನೊಡನೆ ಮಾತು ಬಿಟ್ಟಳು.

ಹಟಕ್ಕೆ ಬಿದ್ದು ಚಿತ್ರದ ಮೂಲ ಹುಡುಕಿದೆ. ನೀವು ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ಸಿಕ್ಕಿತು. ಊರುಗಳ ಹೆಸರಿದ್ದ ಫೈಲ್ ಮಾತ್ರ ಸಿಗಲಿಲ್ಲ. ಪ್ರೋಗ್ರಾಮಿನಲ್ಲಿ ಅಂದವಾದ ಕನ್ನಡ ಫಾಂಟಿನ ಹೆಸರಿದೆ, ಆದರೆ ಆ ಫಾಂಟನ್ನು ಲೋಡ್ ಮಾಡುವ ಸಾಲೇ ಇಲ್ಲ; ಅದಕ್ಕೇ ಅಕ್ಷರಗಳ ಜಾಗದಲ್ಲಿ ಚೌಕ ಬಿದ್ದಿವೆ. ಲಗ್ನಪತ್ರಿಕೆಯಲ್ಲಿ ಹೆಸರು ಹಾಕಿಸಿ, ಮನೆಗೆ ಹೋಗಿ ಕರೆಯದೆ ಬಿಟ್ಟ ಹಾಗೆ. ಪಕ್ಕದಲ್ಲಿ ನಿಮ್ಮದೇ ಟಿಪ್ಪಣಿ: "ಫಾಂಟ್ ಆಮೇಲೆ ನೋಡೋಣ." ಅದರ ಕೆಳಗೆ, ಪುಣ್ಯಕ್ಕೆ, ತಲೆಬರಹ ಅಕ್ಷರಗಳಲ್ಲೇ ಇತ್ತು: "ಊರುವಾರು ನಾಯಿ ಕಡಿತ."

ನಿನ್ನೆ ಸಂಜೆಯೊಳಗೆ ಸುದ್ದಿ ಹಳ್ಳ ದಾಟಿತು. ಇವತ್ತು ಬೆಳಿಗ್ಗೆ, ಚಿತ್ರವನ್ನು ಸರಿಮಾಡಿ ಎಂದು ನಿಮಗೆ ಈ ಪತ್ರ ಬರೆಯುತ್ತಿದ್ದಾಗಲೇ, ಸಂಕವ್ವ ತಾವಾಗಿ ಬಂದರು.

"ಕಂಬ ನಿಮ್ದ ಇರ್ಲಿ ಬಿಡ್ರಿ. ನಾವ್ಯಾಕ ಕಸ್ಕೊಳ್ಳೂಣು?"

"ಛೇ ಛೇ, ಹಿರೇರು ನೀವು. ನಿಮ್ದ ಅದು" ಅಂದೆ.

ಬಹಳ ಹೊತ್ತು ಹೀಗೆ ಒಬ್ಬರಿಗೊಬ್ಬರು ದಾನ ಮಾಡಿದೆವು. ಕೊನೆಗೆ ಸಂಕವ್ವನೇ ತಟ್ಟೆ ಎಳೆದುಕೊಂಡರು. "ಓದಾಕ ಬರಂಗಿಲ್ಲಲ್ಲ ತಂಗಿ? ಹಂಗಾದ್ರ ಯಾರ್ದೂ ಅಲ್ಲ. ಎಲಿ ಹಚ್ಚು." ಮದುವೆ ಶುಕ್ರವಾರ. ಸಾವಂತ್ರಿ ಒಳಗಿನಿಂದ ನನ್ನನ್ನು ಅವ್ವಾ ಎಂದು ಕರೆದಳು.

ಆದ್ದರಿಂದ ಹಿರಿಯರೇ, ನನ್ನ ಕೋರಿಕೆ ಬದಲಾಗಿದೆ. ಇನ್ನು ಮುಂದೆ ಬಿಡಿಸುವ ಪ್ರತಿಯೊಂದು ಚಿತ್ರಕ್ಕೂ ಫಾಂಟನ್ನು ಮೊದಲೇ ಲೋಡ್ ಮಾಡಿ, ಉಳಿಸಿದ ಮೇಲೆ ತೆರೆದು ನೋಡಿ. ಈ ಒಂದು ಚಿತ್ರವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ.

ನಿಮ್ಮವಳೇ,
ಕಾಶೀಬಾಯಿ