ಒಂದು ಖಾನೆಯೋ, ಎರಡೋ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ನಲವತ್ತೆರಡು ಸ್ಯಾಂಪಲ್. ಎರಡು ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟಿತ್ತು — ವಾರ್ಡಿನವರಿಗೆ ಟ್ಯೂಬ್ ಅಲ್ಲಾಡಿಸುವುದಕ್ಕೂ ಬರುವುದಿಲ್ಲ. ಹನ್ನೊಂದಕ್ಕೆ ಫಾರ್ಮ್ ಕಮಿಟಿ, ಆರನೇ ಸಲ. ವಿಷಯ ಅದೇ: ರೋಗಿಯ ಫಾರ್ಮಿನಲ್ಲಿ ಲಿಂಗಕ್ಕೆ ಒಂದು ಖಾನೆಯೋ, ಹುಟ್ಟಿದಾಗಿನದಕ್ಕೊಂದು ಈಗಿನದಕ್ಕೊಂದು ಅಂತ ಎರಡೋ. ಲ್ಯಾಬಿನ ಪರವಾಗಿ ನಾನು. ಅಂದರೆ ಬಿಸ್ಕತ್ತು ತಿನ್ನುವುದಕ್ಕೆ.

ಪೆಥಾಲಜಿ ಡಾಕ್ಟರು ಮೇಜು ಕುಟ್ಟಿದರು. "ಹುಟ್ಟಿದ್ದು ಏನೋ ಅದನ್ನೇ ಬರೀರಿ. ಜೀವಕೋಶಕ್ಕೆ ನಿಮ್ಮ ಭಾವನೆ ಗೊತ್ತಾಗಲ್ಲ."

ಎಚ್‌ಆರ್ ಮೇಡಂ ಕಣ್ಣಲ್ಲಿ ನೀರು ತಂದುಕೊಂಡರು. "ಕೇಳೋದೇ ಅವಮಾನ ಸರ್. ಅವರು ಏನು ಹೇಳ್ತಾರೋ ಬರ್ಕೊಂಡು ಸುಮ್ನಿರಬೇಕು."

ಲಿಂಗ ಬದಲಿಸಿಕೊಂಡ ಒಬ್ಬರ ಎದುರು ಐದು ನಿಮಿಷ ಕೂತು ಮಾತಾಡಿದವರಲ್ಲ, ಇಬ್ಬರೂ. ತೀರ್ಮಾನ — ಹೊಸ ಫಾರ್ಮ್ ಬರುವ ತನಕ ಸಿಬ್ಬಂದಿ ಹೆಚ್ಚುವರಿ ಏನನ್ನೂ ಬರೆಯಕೂಡದು. ಸುತ್ತೋಲೆಯನ್ನು ಲ್ಯಾಬಿನ ಗೋಡೆಗೆ ಅಂಟಿಸಿದೆ. ಸೊಟ್ಟಗೆ. ಬೇಕಂತಲೇ.

ಮಾರ್ಚ್ 4, ಮಂಗಳವಾರ

ರಕ್ತ ಪರೀಕ್ಷೆಗೆ ಒಬ್ಬ ಲೇತ್ ಕೆಲಸದವನು ಬಂದ. ಮೂವತ್ತರ ಆಸುಪಾಸು, ಕುರುಚಲು ಗಡ್ಡ, ಉಗುರಲ್ಲಿ ಗ್ರೀಸ್. ಫಾರ್ಮಿನಲ್ಲಿ 'ಪುರುಷ'. ಎಡಗಡೆ ಕೆಳಹೊಟ್ಟೆ ನೋವು, ಕೂರಲಾರ, ನಿಲ್ಲಲಾರ. ಓಪಿಡಿ ಡಾಕ್ಟರು ಗ್ಯಾಸ್ಟ್ರಿಕ್ ಅಂತ ಗೀಚಿದ್ದಾರೆ. ಅವರಿಗೆ ಎಲ್ಲವೂ ಗ್ಯಾಸ್ಟ್ರಿಕ್ಕೇ.

ಸೂಜಿ ಚುಚ್ಚುವಾಗ ಮೆಲ್ಲಗೆ ಅಂದ. "ಅಕ್ಕಾ, ನಾನು ಹುಟ್ಟಿದ್ದು ಹೆಣ್ಣಾಗಿ. ಹಾರ್ಮೋನ್ ತಗೊಳ್ತೀನಿ. ಆಪರೇಷನ್ ಆಗಿಲ್ಲ, ಒಳಗೆಲ್ಲಾ ಹಾಗೇ ಇದೆ."

"ಡಾಕ್ಟರಿಗೆ ಹೇಳ್ಲಿಲ್ವಾ?"

"ಬಾಗಿಲು ತೆಗೆದೇ ಇತ್ತು. ಹೊರಗೆ ನಮ್ಮ ವರ್ಕ್‌ಶಾಪಿನವನು ಕೂತಿದ್ದ. ನೀವೇ ಒಂಚೂರು ಹೇಳ್ತೀರಾ?"

"ಆಯ್ತು," ಅಂದೆ.

ರಿಪೋರ್ಟ್ ನಾರ್ಮಲ್. ಫೋನ್ ಎತ್ತಿದೆ. ಓಪಿಡಿ ಬ್ಯುಸಿ. ಇಟ್ಟೆ. ಎದುರಿಗೇ ಸುತ್ತೋಲೆ. ಬರೆಯಬೇಡಿ ಅಂದಮೇಲೆ ನನಗ್ಯಾಕೆ ಊರ ಉಸಾಬರಿ... ಐದಕ್ಕೆ ಬಸ್ಸು.

ಮಾರ್ಚ್ 7, ಶುಕ್ರವಾರ

ಸರ್ಜರಿ ವಾರ್ಡಿನ ಟ್ಯೂಬಿನ ಮೇಲೆ ಅವನ ಹೆಸರು.

ನರ್ಸಿಗೆ ಫೋನ್ ಮಾಡಿದೆ — ಈ ಸಲ ಲೈನ್ ತಕ್ಷಣ ಸಿಕ್ಕಿತು. "ಲೇತ್ ಪಕ್ಕದಲ್ಲೇ ಬಿದ್ದುಬಿಟ್ನಂತೆ. ಅಂಡಾಶಯ ತಿರುಚಿಕೊಂಡು ಕಪ್ಪಗಾಗಿತ್ತು, ತೆಗೆದ್ರು. ಮೊದಲೇ ಗೊತ್ತಾಗಿದ್ರೆ ಸ್ಕ್ಯಾನ್ ಮಾಡ್ತಿದ್ರು. ಈಗ ನಂಜು ಬೇರೆ ಏರಿದೆ."

ಬರೆಯಬೇಡಿ ಅಂದಿದ್ದರು. ಹೇಳಬೇಡಿ ಅಂದಿರಲಿಲ್ಲ.

ಮಾರ್ಚ್ 11, ಮಂಗಳವಾರ

ತುರ್ತು ಕಮಿಟಿ.

"ಹುಟ್ಟಿದ್ದು ಬರೆದಿದ್ರೆ ಹೀಗಾಗ್ತಿತ್ತಾ?" — ಪೆಥಾಲಜಿ ಡಾಕ್ಟರು.

"ಹೆದರದೆ ಹೇಳ್ಕೊಳ್ಳೋ ಹಾಗೆ ನಾವು ಆಸ್ಪತ್ರೆ ಇಟ್ಕೊಂಡಿದ್ರೆ ಹೀಗಾಗ್ತಿತ್ತಾ?" — ಮೇಡಂ.

ಇಬ್ಬರ ಮುಖದಲ್ಲೂ ಗೆದ್ದ ಕಳೆ. ಇಬ್ಬರಿಗೂ ಅವನ ಹೆಸರು ಗೊತ್ತಿಲ್ಲ. ಒಬ್ಬರಿಗೆ 'ಆ ಕೇಸು', ಇನ್ನೊಬ್ಬರಿಗೆ 'ಆ ಸಮುದಾಯ'. ಅಸಹ್ಯ.

ಆಡಳಿತಾಧಿಕಾರಿ ಕನ್ನಡಕ ಒರೆಸಿಕೊಳ್ಳುತ್ತಾ ಕೇಳಿದರು: "ಇದು ಯಾರಿಗಾದ್ರೂ ಮೊದಲೇ ಗೊತ್ತಿತ್ತಾ?"

ನಾನು ಟೀ ಕಪ್ಪಿಗೆ ಬಿಸ್ಕತ್ತು ಅದ್ದಿದೆ. ಅವರಿಬ್ಬರಿಗೆ ತಿಳುವಳಿಕೆ ಇರಲಿಲ್ಲ. ನನಗಿತ್ತು. ಆ ಮೇಜಿನ ಸುತ್ತ ಎಲ್ಲರಿಗಿಂತ ಕೀಳು ಯಾರು ಅಂತ ಬಿಡಿಸಿ ಬರೆಯಬೇಕೇ.

ಮಾರ್ಚ್ 12, ಬುಧವಾರ, ಮಧ್ಯಾಹ್ನ

ಊಟದ ಹೊತ್ತಿಗೆ ವಾರ್ಡಿಗೆ ಹೋದೆ. ದಿಂಬಿಗೆ ಒರಗಿದ್ದಾನೆ, ಕೆನ್ನೆ ಇಳಿದಿದೆ. ಪಕ್ಕದಲ್ಲಿ ಅವನ ಅಮ್ಮ. "ಮಗಾ, ಎರಡು ಚಮಚ ಗಂಜಿ ಕುಡಿಯಪ್ಪ," ಅನ್ನುತ್ತಿದ್ದರು. ಯಾವ ಖಾನೆ ಅಂತ ಆಕೆ ಯಾರನ್ನೂ ಕೇಳಿದಂತಿಲ್ಲ.

ನನ್ನನ್ನು ಕಂಡು ನಕ್ಕ. "ಅಕ್ಕಾ, ಆ ಡಾಕ್ಟರ ಮೇಲೆ ಕಂಪ್ಲೇಂಟ್ ಬರೀತಿದೀನಿ. ನೀವು ಹೇಳಿದ್ರೂ ಕಿವಿಗೆ ಹಾಕ್ಕೊಂಡಿಲ್ಲ. ಸಾಕ್ಷಿ ಸೈನ್ ಹಾಕ್ತೀರಾ?"

ಪೆನ್ನು ಚಾಚಿದ.

"ನಾನು ಹೇಳಲೇ ಇಲ್ಲ," ಅಂದೆ.

ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಅಂದೆ. ಕೇಳಿಸಿತ್ತು.

ಪೆನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಡಾಕ್ಟರ ಹೆಸರಿನ ಕೆಳಗೆ ಜಾಗ ಬಿಟ್ಟು, "ನಿಮ್ಮ ಹೆಸರು ಹೇಳಿ," ಅಂದ. ಅಕ್ಕ ಅನ್ನಲಿಲ್ಲ.

ಹೇಳಿದೆ. ಒಂದೊಂದೇ ಅಕ್ಷರ ಬರೆದುಕೊಂಡ. ಅಮ್ಮ ಚಮಚ ಕೆಳಗಿಟ್ಟು, ನನ್ನ ಕಡೆ ತಿರುಗಿ, "ಒಂದು ಮಾತು ಹೇಳೋಕೆ ನಿಂಗೇನಮ್ಮಾ ಅಡ್ಡಿ ಇತ್ತು?" ಅಂದರು.