ಅಪ್ಪನ ಆರ್ಶೀವಾದ

ಶನಿವಾರ, ಮಾರ್ಚ್ 14

ಪ್ರೀತಿಯ ಅಪ್ಪ,

ನೀನೂ ಅಮ್ಮನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎನ್ನುವುದೇ ಸಣ್ಣ ಮಾತು! ಮದುವೆಯಾಗಿ ಏಳು ತಿಂಗಳಾದರೂ ಇವರು ಕೆಲಸದ ನಡುವೆ ಗ್ಲೌಸು ಬಿಚ್ಚಿ, ಕೈ ತೊಳೆದು, ನನಗೆ ಟೀ ತಂದುಕೊಟ್ಟು, ಮತ್ತೆ ಕೈ ತೊಳೆದು, ಹೊಸ ಗ್ಲೌಸು ಹಾಕಿಕೊಂಡು ಹೋಗುತ್ತಾರೆ. ಕುರ್ಚಿಯಲ್ಲಿ ಕೂತ ಗಿರಾಕಿ ತೋಳಿನ ಮೇಲೆ ಅರ್ಧ ಹಾಕಿದ ಗುಲಾಬಿ ಹಚ್ಚೆ ಹೊತ್ತುಕೊಂಡು ನಗುತ್ತಾ ಕಾಯುತ್ತಿರುತ್ತಾನೆ.

ನೀನು ಬಂದು ಹೋದ ವಾರವೇ ಬರೆಯುತ್ತೇನೆ ಎಂದಿದ್ದೆ. ಆರು ವಾರ ಕಳೆದೇಹೋಯಿತು. ಕ್ಷಮಿಸು. ಸೋಮಾರಿತನವಲ್ಲ, ಹೆದರಿಕೆ. ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವನಿಗೆ ನಾನು ಕನ್ನಡದಲ್ಲಿ ಪತ್ರ ಬರೆಯುವುದೆಂದರೆ ಹರಿದ ಅಂಗಿ ತೊಟ್ಟುಕೊಂಡು ದರ್ಜಿಯ ಮನೆಗೆ ಹೋದ ಹಾಗೆ. ಈ ಪತ್ರದಲ್ಲಿ ತಪ್ಪು ಸಿಗದಿದ್ದರೆ ಆಶ್ಚರ್ಯಪಡಬೇಡ. ಇದರ ಕರಡನ್ನು ಎಂಟು ವರ್ಷದವಳೊಬ್ಬಳು ಪೆನ್ಸಿಲು ಹಿಡಿದು ತಿದ್ದಿದ್ದಾಳೆ. ಹತ್ತೊಂಬತ್ತು ತಪ್ಪು! ತಪ್ಪಿಗೊಂದು ಚಾಕಲೇಟು ಎಂದು ಒಪ್ಪಂದವಾಗಿತ್ತು, ದಿವಾಳಿಯೆದ್ದೆ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಚ್ಚೆ ಅಂಗಡಿಯ ಸುದ್ದಿ. ಇಲ್ಲಿ ಯಾರನ್ನೂ ಅವರ ಹೆಸರಿನಿಂದ ಕರೆಯುವುದಿಲ್ಲ. ಯಜಮಾನರು ಡಬ್ಬಣ. ಗೆರೆ ಎಳೆಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ಅಕ್ಕನ ಹೆಸರು ಮಚ್ಚೆ. ಅವಳ ಮೈಮೇಲೆ ಸೂಜಿ ಮುಟ್ಟದೆ ಬಂದ ಗುರುತು ಅದೊಂದೇ ಅಂತೆ. ಇವರು ಮೆತ್ತಗಣ್ಣ, ಯಾಕೆಂದರೆ ಇವರ ಕೈಕೆಳಗೆ ಕೂತವರು ನಿದ್ದೆ ಹೋದದ್ದೂ ಉಂಟು. ಕೌಂಟರಿನಲ್ಲಿ ಕೂತು ಫೋನ್ ಎತ್ತುವ, ಬಂದವರಿಗೆ ದಿನ ಗೊತ್ತುಮಾಡುವ ಕೆಲಸ ನನ್ನದು. ನನಗೆ ಅವರಿಟ್ಟ ಹೆಸರು ಖಾಲಿಕೈ.

"ಏನೇ ಖಾಲಿಕೈ, ಬೇಕರಿಲಿ ಕೂತ್ಕೊಂಡು ಉಪವಾಸ ಮಾಡ್ತಿದ್ದೀಯಲ್ಲೇ!" ಎಂದು ಮಚ್ಚೆ ದಿನಾ ಛೇಡಿಸುತ್ತಿದ್ದಳು. "ಬಂದೋರು ನಿನ್ ಕೈ ನೋಡಿ, ಇವ್ಳೇ ಹಾಕಿಸ್ಕೊಂಡಿಲ್ಲ, ಇಲ್ಲೇನೋ ಮೋಸ ಇದೆ ಅಂತ ವಾಪಸ್ ಹೋಗ್ತಾರೆ."

ನಗುತ್ತಿದ್ದೆ. ಆದರೆ ಅವರೆಲ್ಲ ಕೆಲಸ ಮುಗಿಸಿ ತೋಳು ಮಡಚಿ, ಯಾವುದು ಯಾವಾಗ ಹಾಕಿಸಿಕೊಂಡದ್ದು, ಯಾವುದು ಎಷ್ಟು ನೋಯಿಸಿತು ಎಂದು ಹೇಳಿಕೊಳ್ಳುವಾಗ ನಾನು ನೆಂಟರ ಮನೆಯ ಮದುವೆಗೆ ಬಂದವಳಂತೆ ಮೂಲೆಯಲ್ಲಿ ಇರುತ್ತಿದ್ದೆ. ಅವರೊಳಗೆ ಒಬ್ಬಳಾಗಬೇಕು ಎಂದು ಎಷ್ಟು ಆಸೆಯಾಗುತ್ತಿತ್ತು ಗೊತ್ತಾ!

ಅಲ್ಲಿ ಎರಡು ನಿಯಮಗಳಿವೆ. ಅಂಗಡಿಯವರ ಮೊದಲ ಹಚ್ಚೆ ಅವರವರ ಕೈಬರಹದಲ್ಲೇ ಇರಬೇಕು. ಯಾವುದೇ ಅಕ್ಷರ ಹಾಕುವ ಮುಂಚೆ, ಹಾಕಿಸಿಕೊಳ್ಳುವವರು ಅದನ್ನು ಮೂರು ಸಲ ಗಟ್ಟಿಯಾಗಿ ಓದಬೇಕು. ಏನು ಬರೆಯಬೇಕೆಂದು ನಾನು ಒಂದು ನಿಮಿಷವೂ ಯೋಚಿಸಲಿಲ್ಲ.

ನಿನಗೆ ನೆನಪಿರಬಹುದು. ನೆನಪಿರುವುದು ಹೇಗೆ, ನೀನು ಅಲ್ಲಿರಲಿಲ್ಲವಲ್ಲ. ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಅಮ್ಮ ಒಬ್ಬಳೇ ನಿಂತಿದ್ದಳು. "ಅಪ್ಪನಿಗೆ ಪ್ರೆಸ್ಸಲ್ಲಿ ಅರ್ಜೆಂಟ್ ಕೆಲಸ ಬಂತು ಕಣೇ. ಆಶೀರ್ವಾದ ಹೇಳಿ ಕಳ್ಸಿದ್ದಾರೆ," ಎಂದಳು, ಬಳೆ ತಿರುಗಿಸುತ್ತಾ. ಅಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹಿಂದಿನ ವಾರವಷ್ಟೇ ನೀನು "ಮೈಮೇಲೆ ಗೀಚೋನಿಗೆ ಮಗಳನ್ನ ಕೊಡಕ್ಕಾಗಲ್ಲ" ಎಂದಿದ್ದೆ. "ಅಚ್ಚಿಗೂ ಹಚ್ಚೆಗೂ ಇರೋದು ಒಂದು ಹಕಾರ ಅಷ್ಟೇ ಅಪ್ಪ," ಎಂದು ನಾನು ನಗಿಸಲು ನೋಡಿದರೆ, ನೀನು "ಕೊನೇ ಸ್ವರಾನೂ ಬೇರೆ," ಎಂದು ಎದ್ದು ಹೋಗಿದ್ದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಅಮ್ಮನ ಮಾತನ್ನು ನಂಬಿದೆ. ಮದುವೆಯ ದಿನ ಮನುಷ್ಯರಿಗೆ ಏನನ್ನಾದರೂ ನಂಬಬೇಕಾಗುತ್ತದೆ.

ಹಾಗಾಗಿ ಬಿಳಿಯ ಹಾಳೆಯ ಮೇಲೆ ದುಂಡಗೆ ಎರಡು ಪದ ಬರೆದುಕೊಟ್ಟೆ: ಅಪ್ಪನ ಆಶೀರ್ವಾದ. ಅಂದರೆ, ಹಾಗೆ ಬರೆದೆ ಎಂದುಕೊಂಡೆ.

"ಚರ್ಮದ ಮೇಲೆ ಬಿದ್ದಿದ್ದು ಹೋಗಲ್ಲ ಕಣೇ. ಯೋಚ್ನೆ ಮಾಡಿದ್ದೀಯ ತಾನೆ?" ಎಂದರು ಇವರು.

"ಅಪ್ಪನ ಆಶೀರ್ವಾದ ಯಾರಾದ್ರೂ ಅಳಿಸ್ತಾರೇನ್ರೀ!"

ಮೂರು ಸಲ ಗಟ್ಟಿಯಾಗಿ ಓದಿದೆ. ಡಬ್ಬಣ, ಮಚ್ಚೆ ಇಬ್ಬರೂ ಪಕ್ಕದಲ್ಲಿ ನಿಂತು ಕೇಳಿದರು. ಇವರು ನನ್ನ ಬರಹ ಇಳಿಸಿದ ನೇರಳೆ ಬಣ್ಣದ ಅಚ್ಚುಹಾಳೆಯನ್ನು ಮುಂಗೈಗೆ ಅಂಟಿಸಿ, ನಿಧಾನವಾಗಿ ಎತ್ತಿದರು. ಆಮೇಲೆ ಸೂಜಿಯ ಗುಂಯ್ ಸದ್ದು. ಬಿಸಿ ಪಿನ್ನಿನಿಂದ ಯಾರೋ ಕೈಮೇಲೆ ನಿಧಾನವಾಗಿ ಕಾಪಿ ಬರೆದ ಹಾಗೆ. ನಾನು ಅತ್ತೆ, ನಕ್ಕೆ, ಮತ್ತೆ ಅತ್ತೆ. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. "ಇನ್ನು ನೀನು ಖಾಲಿಕೈ ಅಲ್ಲ," ಎಂದು ಡಬ್ಬಣ ನನ್ನ ಕೈಯ ಫೋಟೋ ತೆಗೆದು ಗೋಡೆಗೆ ಹಾಕಿದರು. ಅಪ್ಪ, ನಮ್ಮ ಮದುವೆಯ ಫೋಟೋ ಕೂಡ ಯಾರ ಗೋಡೆಯ ಮೇಲೂ ಇಲ್ಲ.

ಅದಾಗಿ ಒಂದು ತಿಂಗಳಿಗೆ ನೀನೇ ಬಂದುಬಿಟ್ಟೆ! ಹೇಳದೆ ಕೇಳದೆ, ಮಟಮಟ ಮಧ್ಯಾಹ್ನ. ಬಾಗಿಲ ಗಾಜಿನಾಚೆ ನಿನ್ನ ತಲೆ ಕಂಡಾಗ ನಾನು ಫೋನಿನಲ್ಲಿದ್ದವರಿಗೆ "ಅಪ್ಪ ಬಂದ್ರು" ಎಂದು ಹೇಳಿ ಇಟ್ಟುಬಿಟ್ಟೆ. ಅವರು ಯಾರೋ ಪಾಪ, ಮತ್ತೆ ಕರೆಯಲೇ ಇಲ್ಲ. ಇವರು ಗಾಬರಿಯಿಂದ ಮೂರು ಸಲ ಕೈ ತೊಳೆದರು. ನೀನು ಇವರನ್ನು "ನೀವು" ಎಂದೆ. ಮಸಿ ಎಲ್ಲಿಂದ ತರಿಸುತ್ತೀರಿ ಎಂದು ಕೇಳಿದೆ. ಡಬ್ಬಣನ ಜೊತೆ ಅಕ್ಷರಗಳ ದಪ್ಪ ತೆಳುವಿನ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ನಾನು ನಿನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಕೈ ತೋರಿಸಿದೆ. ನೀನು ಕನ್ನಡಕ ಹಾಕಿಕೊಂಡೆ, ನೋಡಿದೆ, "ಚೆನ್ನಾಗಿದೆ" ಎಂದೆ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ. ನಲವತ್ತು ನಿಮಿಷ. ನೀನು ಹೋದ ಮೇಲೆ ನಾನು ಅಂಗಡಿಯ ತುಂಬ ಕುಣಿದಾಡಿದ್ದು ನಿನಗೆ ಗೊತ್ತಿಲ್ಲ. "ಚೆನ್ನಾಗಿದೆ ಅಂದ್ರು! ಅಪ್ಪ ಚೆನ್ನಾಗಿದೆ ಅಂದ್ರು!" "ಸಾಕು ಕಣೇ, ನನ್ನ ಗೆರೆ ನಡುಗತ್ತೆ," ಎಂದು ಮಚ್ಚೆ ಬೈದಳು.

ಈಗ ಆ ಎಂಟು ವರ್ಷದವಳು. ಅವಳ ಅಮ್ಮ ನರ್ಸು. ಬೆನ್ನ ಮೇಲೆ ದೊಡ್ಡದೊಂದು ನವಿಲು ಹಾಕಿಸಿಕೊಳ್ಳುತ್ತಿದ್ದಾಳೆ, ಶನಿವಾರಕ್ಕೆ ಮೂರು ಗರಿಯಂತೆ. ಅಲ್ಲಿಯವರೆಗೆ ಮಗಳು ಕೌಂಟರಿನಲ್ಲಿ ನನ್ನ ಪಕ್ಕ ಕೂತು ಹೋಮ್‌ವರ್ಕ್ ಮಾಡುತ್ತಾಳೆ. ನೀನು ಬಂದು ಹೋದ ಎರಡನೇ ಶನಿವಾರ, ನನ್ನ ಕೈಯನ್ನೇ ನೋಡುತ್ತಿದ್ದವಳು ಕೇಳಿದಳು:

"ಆಂಟಿ, ಅರ್ಕಾವೊತ್ತು ಯಾಕೆ ಅಲ್ಲಿದೆ?"

"ಯಾವ ಒತ್ತು ಪುಟ್ಟಿ?"

"ಇದು. ವಾ ಆದ್ಮೇಲೆ ಬರ್ಬೇಕು. ನೀವು ಶೀ ಆದ್ಮೇಲೆ ಹಾಕಿದ್ದೀರ. ಇದನ್ನ ಓದಿದ್ರೆ ಆರ್‌ಶೀವಾದ ಅಂತಾಗತ್ತೆ." ಆಮೇಲೆ ಬಹಳ ಕನಿಕರದಿಂದ, "ನಿಮ್ಗೆ ಕನ್ನಡ ಬರಲ್ವಾ ಆಂಟಿ?"

"ಏಯ್, ದೊಡ್ಡೋರಿಗೆ ಹಂಗೆಲ್ಲ ಅಂತಾರೇನೇ!" ಎಂದು ಮಂಚದ ಮೇಲೆ ಬೋರಲು ಮಲಗಿದ್ದ ನರ್ಸು ಕೂಗಿದಳು.

ಹೇಗಾಯಿತು ಹೇಳುತ್ತೇನೆ. ಕಿವಿಗೆ "ಶೀರ್" ಎಂದು ಕೇಳಿಸುತ್ತದಲ್ಲವೇ? ಅದಕ್ಕೆ ಒತ್ತನ್ನು ಶೀ ಪಕ್ಕದಲ್ಲಿ ಕೂರಿಸಿದೆ. ಮೂರು ಸಲ ಓದಿದಾಗ ಬಾಯಿ ಸರಿಯಾಗಿಯೇ ಹೇಳಿತು, ಕಣ್ಣು ಬಾಯನ್ನು ನಂಬಿತು. ನಾನು ಕನ್ನಡ ಕಲಿತದ್ದು ಮೂರನೇ ಭಾಷೆಯಾಗಿ, ವಾರಕ್ಕೆ ಎರಡು ಪೀರಿಯಡ್, ಪಾಸಾದರೆ ಸಾಕು ಎಂದು. ನೀನೇ ಅಲ್ಲವೇ ಆ ಇಂಗ್ಲಿಷ್ ಶಾಲೆಗೆ ಸೇರಿಸಿದ್ದು? ಊರಿನ ಮಕ್ಕಳೆಲ್ಲ ಓದುವ ಕನ್ನಡ ಪುಸ್ತಕದ ತಪ್ಪು ತಿದ್ದುತ್ತಿದ್ದ ನೀನು, ನಾನು ನೋಟುಪುಸ್ತಕ ಹಿಡಿದು ಬಂದರೆ "ನಿಮ್ ಮಿಸ್ ನೋಡ್ತಾರೆ ಬಿಡು" ಎನ್ನುತ್ತಿದ್ದೆ. ಮಿಸ್ ನೋಡಲಿಲ್ಲ ಅಪ್ಪ.

ತಮಾಷೆಯೆಂದರೆ ಡಬ್ಬಣನ ಮುಖ. ಆ ಮನುಷ್ಯ ಬಿಳುಚಿಕೊಂಡು, "ನಾನೂ ಯಾವಾಗ್ಲೂ ಹಿಂಗೇ ಹಾಕಿರೋದು!" ಎಂದು ಹಳೆಯ ಆಲ್ಬಂ ತೆಗೆದರು. ತಾಯಿಯ ಆರ್ಶೀವಾದ, ಗುರುವಿನ ಆರ್ಶೀವಾದ, ತಂದೆ ತಾಯಿ ಇಬ್ಬರದೂ ಸೇರಿ ಎದೆಯ ಅಗಲಕ್ಕೆ ಒಂದು. ಹನ್ನೊಂದು ಜನ ಅದನ್ನು ಹೊತ್ತು ಓಡಾಡುತ್ತಿದ್ದಾರೆ. "ಯಾರಿಗೂ ಹೇಳ್ಬೇಡಿ, ಕೈ ಮುಗೀತೀನಿ," ಎಂದರು. ಮಚ್ಚೆ ನಕ್ಕು ನಕ್ಕು ನೆಲದ ಮೇಲೆ ಕೂತಳು. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ತಿದ್ದುವುದು ಕಷ್ಟವಲ್ಲವಂತೆ. ತಪ್ಪು ಜಾಗದ ಒತ್ತನ್ನು ಒಂದು ಬಳ್ಳಿಯ ಸುಳಿ ಮಾಡಿ, ಸರಿಯಾದ ಜಾಗದಲ್ಲಿ ಇನ್ನೊಂದು ಹಾಕಿದರಾಯಿತು. ಇಪ್ಪತ್ತು ನಿಮಿಷದ ಕೆಲಸ. ನಾಳೆ ಭಾನುವಾರ ಅಂಗಡಿಗೆ ರಜೆ, ಇವರು ನನಗೋಸ್ಕರ ಬಾಗಿಲು ತೆಗೆಯುತ್ತಾರೆ.

ನಿನ್ನ ಮೇಲೆ ನನಗೆ ಒಂದೇ ದೂರು: ಕನ್ನಡಕ ಬದಲಿಸು! ಅಂಥ ಕಣ್ಣಿಗೆ ಇದು ಹೇಗೆ ತಪ್ಪಿಹೋಯಿತು? ಕಿಟಕಿಯ ಬೆಳಕು ಸಾಲದಿತ್ತೇನೋ. ನಾಳೆ ಅಮ್ಮನಿಗೆ ಫೋನ್ ಮಾಡಿ ನಿನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಲು ಹೇಳುತ್ತೇನೆ. ಚಿಕ್ಕವರು ದೊಡ್ಡವರನ್ನು ಹರಸುವ ಹಾಗಿಲ್ಲ, ಆದರೂ ಹರಸುತ್ತೇನೆ: ನಿನ್ನ ಕಣ್ಣು ನೂರು ವರ್ಷ ಚುರುಕಾಗಿರಲಿ, ಮಂಡಿನೋವು ಇಳಿಯಲಿ, ಅಮ್ಮ ನಿನ್ನ ಮೇಲೆ ರೇಗದಿರಲಿ. ಇವರು ನಿನಗೆ ನಮಸ್ಕಾರ ತಿಳಿಸಿದ್ದಾರೆ. ಮುಂದಿನ ಸಲ ಬಂದಾಗ ನಲವತ್ತೇ ನಿಮಿಷಕ್ಕೆ ಏಳಲು ಬಿಡುವುದಿಲ್ಲ.

ಹತ್ತೊಂಬತ್ತು ತಪ್ಪು ಕಳೆದು ಉಳಿದ,
ನಿನ್ನ ಮಗಳು

ಮರೆತ ಮಾತು. ಸೋಮವಾರ.

ಇದನ್ನು ಆ ಹುಡುಗಿಗೆ ತೋರಿಸಿಲ್ಲ. ತಪ್ಪಿದ್ದರೆ ಇರಲಿ.

ನಿನ್ನೆ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ಕನ್ನಡಕದ ಮಾತೆತ್ತಿದೆ. "ಅವರ ಕಣ್ಣಿಗೆ ಏನಾಗಿದೆ? ಹೋದ ತಿಂಗಳು ತಾನೆ ತೋರ್ಸಿದ್ದು, ಚೆನ್ನಾಗೇ ಇದೆ," ಎಂದಳು. ಹಾಗಾದರೆ ನನ್ನ ಕೈಮೇಲಿನ ತಪ್ಪು ಕಾಣಲಿಲ್ಲವೇ ಎಂದೆ. ತಿಂಡಿ ಆಯ್ತಾ ಎಂದು ಅಮ್ಮ ಮಾತು ತಿರುಗಿಸಿದಳು. ನಾನು ಬಿಡಲಿಲ್ಲ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲವಲ್ಲ.

"ಬಸ್ಸಿಳಿದು ಬಂದೋರೇ ಹೇಳಿದ್ರು ಕಣೇ, ಒತ್ತು ತಪ್ಪು ಹಾಕಿಸ್ಕೊಂಡಿದ್ದಾಳೆ ಅಂತ. ಅಯ್ಯೋ, ಅಲ್ಲೇ ಹೇಳ್ಬಾರ್ದಿತ್ತೇನ್ರೀ ಮಗೂಗೆ ಅಂದೆ. ‘ಅದು ನಮ್ಮ ಪ್ರೂಫ್ ಅಲ್ಲ’ ಅಂದ್ರು. ಕೈಕಾಲು ತೊಳ್ಕೊಂಡು ಊಟಕ್ಕೆ ಕೂತ್ರು."

ಕಿಟಕಿಯ ಹತ್ತಿರ ನೀನು ಓದಿದ್ದು ನನಗೆ ಚೆನ್ನಾಗಿ ನೆನಪಿದೆ. ಪ್ರೂಫ್ ಓದುವ ಹಾಗೆಯೇ, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು. ಶೀ ಹತ್ತಿರ ನಿನ್ನ ಬೆರಳು ನಿಂತಿತು. ಅಪ್ಪನ ಮನಸ್ಸು ಕರಗಿತು ಎಂದುಕೊಂಡೆ. ಆಶೀರ್ವಾದ ಎನ್ನುವಲ್ಲಿಗೆ ಬಂದಾಗ ಅಪ್ಪನ ಬೆರಳು ಮುಂದೆ ಹೋಗಲಿಲ್ಲ ಎಂದು ಅಂಗಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ, ಆರು ವಾರ.

ಒಮ್ಮೆ ನೀನು ಬಸ್ಸು ನಿಲ್ಲಿಸಿ ಇಳಿದು, ಗುರುತೇ ಇಲ್ಲದ ಕ್ಷೌರಿಕನಿಗೆ ಅವನ ಬೋರ್ಡಿನಲ್ಲಿ ದೀರ್ಘ ಬಿಟ್ಟುಹೋಗಿದೆ ಎಂದು ಹೇಳಿಬಂದಿದ್ದೆ. ನಾನು ನಾಚಿಕೆಯಿಂದ ಸೀಟಿನಲ್ಲಿ ಮುದುಡಿ ಕೂತಿದ್ದೆ. ಮಾತ್ರೆಯ ಚೀಟಿ, ಸಿನಿಮಾ ಪೋಸ್ಟರು, ಯಾರದೋ ಮನೆಯ ಗೇಟಿನ ಹೆಸರು, ಯಾವುದನ್ನೂ ನೀನು ಸುಮ್ಮನೆ ಬಿಟ್ಟವನಲ್ಲ. ನನಗೆ ಮಾತ್ರ "ಚೆನ್ನಾಗಿದೆ" ಎಂದೆ.

ನಿನ್ನೆ ಮಧ್ಯಾಹ್ನ ಇವರು ಸೂಜಿ ಜೋಡಿಸಿ, ನೇರಳೆ ಹಾಳೆ ಹಿಡಿದು ಕಾಯುತ್ತಿದ್ದರು. ನಾನು ಕೈ ಹಿಂದಕ್ಕೆಳೆದುಕೊಂಡೆ.

"ಇಪ್ಪತ್ತೇ ನಿಮಿಷ ಕಣೇ. ಅಷ್ಟು ನೋವಾಗಲ್ಲ."

"ಬೇಡ ರೀ, ಹಾಗೇ ಇರ್ಲಿ," ಎಂದೆ. "ತಿದ್ದಿದ್ರೆ ಅದು ಸುಳ್ಳಾಗತ್ತೆ."